ಸೋತ ಪಕ್ಷ ಮತ್ತು ಅದರ ಬೆಂಬಲಿಗರು: ಬ್ರಿಟನ್ನಿನ ಲೇಬರ್ ಪಕ್ಷ, 1979–1997

ಮಾರ್ಗರೆಟ್ ಥ್ಯಾಚರ್ ನೇತೃತ್ವದ ಕನ್ಸರ್ವೇಟಿವ್ ಪಕ್ಷದೆದುರು 1979ರಲ್ಲಿ ಸೋತು ವಿರೋಧಪಕ್ಷವಾದ ಲೇಬರ್ ಪಕ್ಷದಲ್ಲಿ, ತಮ್ಮ ಮಂತ್ರಿಗಳು ತತ್ತ್ವಗಳನ್ನು ಕೈಬಿಟ್ಟದ್ದೇ ಸೋಲಿಗೆ ಕಾರಣವೆಂದು ಬಹುಮಂದಿ ಕಾರ್ಯಕರ್ತರು ನಂಬಿದ್ದರು. ವಾರ್ಷಿಕ ಸಮ್ಮೇಳನದ ನಿರ್ಣಯಗಳನ್ನು ಸರ್ಕಾರ ಬದಿಗೊತ್ತಿದ್ದುದರಿಂದ ಆ ಸಿಟ್ಟು ನಿರಾಧಾರವಾಗಿರಲಿಲ್ಲ. ಆದರೆ ಅದು ಕೈತಪ್ಪಿದ ಮತದಾರರನ್ನು ಹುಡುಕಿಕೊಂಡು ಹೋಗದೆ, ಪಕ್ಷದೊಳಗಿನ ಅಧಿಕಾರವನ್ನು ಹಿಡಿಯುವತ್ತ ತಿರುಗಿತು. ಪ್ರತಿಯೊಬ್ಬ ಸಂಸದನೂ ಮುಂದಿನ ಚುನಾವಣೆಗೆ ಮೊದಲು ತನ್ನ ಕ್ಷೇತ್ರ ಸಮಿತಿಯ ಒಪ್ಪಿಗೆಯನ್ನು ಮತ್ತೆ ಪಡೆಯಬೇಕೆಂಬ ನಿಯಮ ಬಂದಿತು. ಅದುವರೆಗೆ ಸಂಸದರ ಕೈಯಲ್ಲೇ ಇದ್ದ ನಾಯಕನ ಆಯ್ಕೆಯನ್ನು 1981ರ ಜನವರಿಯಲ್ಲಿ ವೆಂಬ್ಲಿಯ ವಿಶೇಷ ಸಮ್ಮೇಳನವು ಕಾರ್ಮಿಕ ಸಂಘಗಳಿಗೆ ಶೇ. 40, ಸಂಸದರಿಗೆ ಶೇ. 30, ಕ್ಷೇತ್ರ ಸಮಿತಿಗಳಿಗೆ ಶೇ. 30 ಎಂದು ಹಂಚಿತು. ಎರಡೇ ತಿಂಗಳಲ್ಲಿ ರಾಯ್ ಜೆಂಕಿನ್ಸ್, ಶರ್ಲಿ ವಿಲಿಯಮ್ಸ್ ಮೊದಲಾದವರು ಹೊರನಡೆದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ಕಟ್ಟಿದರು.

ಅದೇ ವರ್ಷದ ಸೆಪ್ಟೆಂಬರಿನ ಉಪನಾಯಕ ಸ್ಥಾನದ ಚುನಾವಣೆ ಈ ಇತಿಹಾಸದ ಅತ್ಯಂತ ಬೋಧಪ್ರದ ಘಟನೆ. ಎಡಪಂಥೀಯ ಟೋನಿ ಬೆನ್ ಅವರನ್ನು ಡೆನಿಸ್ ಹೀಲಿ ಶೇ. 1ಕ್ಕಿಂತ ಕಡಿಮೆ ಅಂತರದಿಂದ ಸೋಲಿಸಿದರು. ಕ್ಷೇತ್ರ ಸಮಿತಿಗಳ ಮತದಲ್ಲಿ ಐದರಲ್ಲಿ ನಾಲ್ಕು ಪಾಲು ಬೆನ್ ಅವರಿಗೆ ಬಿದ್ದಿತ್ತು. ಆದರೆ ಆ ಮತವನ್ನು ಬಹುತೇಕ ಕಡೆ ಚಲಾಯಿಸಿದವರು ಸಭೆಗಳಿಗೆ ತಪ್ಪದೆ ಬರುತ್ತಿದ್ದ ಪ್ರತಿನಿಧಿಗಳೇ ಹೊರತು ಚಂದಾ ಕಟ್ಟಿದ ಎಲ್ಲ ಸದಸ್ಯರಲ್ಲ. ಸಾರ್ವಜನಿಕ ನೌಕರರ ಸಂಘವಾದ ‘ನ್ಯೂಪಿ’ಯ ಮುಖಂಡರು ಬೆನ್ ಅವರತ್ತ ಒಲಿದಿದ್ದರೂ, ಸದಸ್ಯರ ಅಭಿಪ್ರಾಯ ಕೇಳಿದಾಗ ಅದು ಹೀಲಿಯವರ ಪರ ಬಂದಿತು. ಸಭೆಯಲ್ಲಿ ಕೇಳಿಬಂದ ದನಿಯನ್ನೇ ಬೆಂಬಲಿಗರೆಲ್ಲರ ದನಿಯೆಂದು ಎಣಿಸಿದ್ದು ಪಕ್ಷಕ್ಕೆ ದುಬಾರಿಯಾಯಿತು: ಏಕಪಕ್ಷೀಯ ಅಣ್ವಸ್ತ್ರ ತ್ಯಾಗ, ಯೂರೋಪಿಯನ್ ಸಮುದಾಯದಿಂದ ನಿರ್ಗಮನ ಮುಂತಾದ ಭರವಸೆಗಳೊಡನೆ 1983ರ ಚುನಾವಣೆಯನ್ನು ಎದುರಿಸಿದ ಲೇಬರ್, ಶೇ. 27.6 ಮತ ಮತ್ತು 209 ಸ್ಥಾನಗಳಿಗೆ ಕುಸಿಯಿತು.

ಚೇತರಿಕೆ ನಿಧಾನವಾಗಿತ್ತು. 1985ರಲ್ಲಿ ಪಕ್ಷದ ನಾಯಕ ನೀಲ್ ಕಿನ್ನಕ್ ಅವರು ಬೋರ್ನ್‌ಮತ್ ಸಮ್ಮೇಳನದಲ್ಲಿ, ಪಕ್ಷದೊಳಗೆ ಸೇರಿಕೊಂಡಿದ್ದ ಟ್ರಾಟ್‌ಸ್ಕಿವಾದಿ ‘ಮಿಲಿಟಂಟ್’ ಗುಂಪಿನ ಹಿಡಿತದಲ್ಲಿದ್ದ ಲಿವರ್‌ಪೂಲ್ ನಗರಸಭೆಯನ್ನು ಬಹಿರಂಗವಾಗಿ ಖಂಡಿಸಿದರು. 1993ರಲ್ಲಿ ಅವರ ನಂತರದ ನಾಯಕ ಜಾನ್ ಸ್ಮಿತ್ ಅವರು, ಅಭ್ಯರ್ಥಿಗಳ ಆಯ್ಕೆಯಲ್ಲಿ ಸದಸ್ಯನೊಬ್ಬನಿಗೆ ಒಂದು ಮತವೆಂಬ ಪದ್ಧತಿಯನ್ನು ಅಲ್ಪ ಬಹುಮತದಿಂದ ತಂದರು. ಕೊನೆಗೆ ಸ್ಮಿತ್ ನಂತರ ನಾಯಕರಾದ ಟೋನಿ ಬ್ಲೇರ್ 1995ರಲ್ಲಿ, ಉತ್ಪಾದನಾ ಸಾಧನಗಳ ಸಮುದಾಯ ಒಡೆತನವನ್ನು ಗುರಿಯಾಗಿ ಸಾರಿದ್ದ, 1918ರಿಂದ ಬಂದ ಪಕ್ಷದ ಸಂವಿಧಾನದ ನಾಲ್ಕನೆಯ ವಿಧಿಯನ್ನು ಬದಲಿಸಲು ಹೊರಟಾಗ, ಅನೇಕ ಕ್ಷೇತ್ರ ಸಮಿತಿಗಳು ಸದಸ್ಯರೆಲ್ಲರ ಮತವನ್ನು ಕೇಳಿದವು. ಒಂದು ಕಾಲಕ್ಕೆ ಬೆನ್ ಅವರ ಕೋಟೆಯಾಗಿದ್ದ ಕ್ಷೇತ್ರಗಳ ವಿಭಾಗದಲ್ಲಿ ಸುಮಾರು ಶೇ. 90ರಷ್ಟು ಮತ ಬದಲಾವಣೆಯ ಪರವಾಗಿತ್ತು. ಪುನರುತ್ಥಾನದ ಕೀರ್ತಿಯನ್ನು ನಾಯಕರಿಗಷ್ಟೇ ಸಲ್ಲಿಸುವುದು ಹೀಗಾಗಿ ನ್ಯಾಯವಲ್ಲ. ಸತತ ನಾಲ್ಕು ಸೋಲುಗಳಲ್ಲೂ ಪಕ್ಷ ಬಿಡದೆ ಉಳಿದ ಸಾಮಾನ್ಯ ಸದಸ್ಯರ ಒಪ್ಪಿಗೆಯಿಲ್ಲದಿದ್ದರೆ ಆ ಸುಧಾರಣೆ ನೆಲೆಗೊಳ್ಳುತ್ತಿರಲಿಲ್ಲ.

1997ರಲ್ಲಿ ಲೇಬರ್ 418 ಸ್ಥಾನ ಗೆದ್ದಾಗ ಅದರ ಸದಸ್ಯಬಲ ಸುಮಾರು ನಾಲ್ಕು ಲಕ್ಷವಿತ್ತು. ಅಧಿಕಾರದ ಹತ್ತು ವರ್ಷಗಳಲ್ಲಿ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು.