ಬೀಳಗಿಯ ಸೋದರಿಯರು ಮತ್ತು ಮೂರು ನಿಮಿಷದ ಗಾನತಟ್ಟೆ

ಗಾಯಕಿಯ ಹೆಸರನ್ನೇ ಹೊತ್ತು ಮಾರಾಟವಾಗುವ ಧ್ವನಿಮುದ್ರಿಕೆ ಬಾಗಲಕೋಟೆ ಸೀಮೆಗೆ ಹೊಸದಲ್ಲ. ಬೀಳಗಿಯ ಅಕ್ಕತಂಗಿಯರಾದ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ ಗ್ರಾಮಫೋನ್ ಕಾಲದಲ್ಲೇ ಆ ಹಿರಿಮೆ ಪಡೆದಿದ್ದರು. ಅವರ ಕಂಠ ಪಳಗಿದ್ದು ಕಂಪನಿ ನಾಟಕಗಳ ಹಾಡಿನಲ್ಲಿ.

ಬೇರು: ಕಂಪನಿ ನಾಟಕ

ಪೇಟಿ, ತಬಲಾಗಳ ಜೊತೆ, ಮೈಕು ಇಲ್ಲದೆ ಕೊನೆಯ ಸಾಲಿನವರಿಗೂ ಮುಟ್ಟುವಂತೆ ಹಾಡುವುದು ಕಂಪನಿ ಕಲಾವಿದರ ಕಸುಬು. ಹಿಂದೂಸ್ತಾನಿ ರಾಗ, ಮರಾಠಿ ನಾಟ್ಯಗೀತೆಯ ಧಾಟಿ, ಕನ್ನಡದ ಮಾತು ಅಲ್ಲಿ ಬೆರೆತವು. ‘ರಕ್ತರಾತ್ರಿ’ ನಾಟಕ ಬರೆದ ಕಂದಗಲ್ ಹನುಮಂತರಾಯರು ಇಳಕಲ್–ಹುನಗುಂದ ಭಾಗದವರೇ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ರಾತ್ರಿಯಿಡೀ ನಾಟಕವಾಡುತ್ತವೆ.

ತಟ್ಟೆಯ ಕಟ್ಟುಪಾಡು

ಭಾರತದಲ್ಲಿ ಗ್ರಾಮಫೋನ್ ತಟ್ಟೆಯ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಅರಗು ಬೆರೆಸಿ ಮಾಡಿದ 10 ಅಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದಷ್ಟು ಹಾಡು. ‘ಒನ್ಸ್ ಮೋರ್’ ಬಿದ್ದಷ್ಟೂ ಬೆಳೆಯುತ್ತಿದ್ದ ರಂಗಗೀತೆ ಇಲ್ಲಿ ಆಲಾಪ ಮೊಟಕುಗೊಳಿಸಿ ನೇರ ಪಲ್ಲವಿಗೆ ಬರಬೇಕಾಯಿತು. ಕತೆ, ಪಾತ್ರ, ವೇಷ ಎಲ್ಲ ಕಳಚಿ ದನಿಯೊಂದೇ ನಿಂತಿತು. ನಾಟಕದ ಹಾಡು ಗಾಯಕಿಯ ಸ್ವಂತದ್ದಾದದ್ದು ಹೀಗೆ.

ಅಮೀರ್‌ಬಾಯಿ

ಮುಂಬೈಗೆ ಹೋದ ಅಮೀರ್‌ಬಾಯಿಯ ಕವ್ವಾಲಿಯೊಂದನ್ನು ಗ್ರಾಮಫೋನ್ ಕಂಪನಿ ಎಚ್‌ಎಂವಿ ಮುದ್ರಿಸಿತು, ಅದು ಜನಪ್ರಿಯವಾಯಿತು. 1934ರ ‘ವಿಷ್ಣುಭಕ್ತಿ’ಯಿಂದ ಚಿತ್ರರಂಗ ಪ್ರವೇಶಿಸಿದ ಅವರಿಗೆ ದೇಶವ್ಯಾಪಿ ಹೆಸರು ತಂದದ್ದು ಅನಿಲ್ ಬಿಸ್ವಾಸ್ ಸಂಗೀತದ ‘ಕಿಸ್ಮತ್’ (1943). 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ನೀಡಿದರು. ನಾಡಿನ ಜನ ಅವರನ್ನು ‘ಕನ್ನಡ ಕೋಗಿಲೆ’ ಎಂದು ಕರೆದರು. 1965ರಲ್ಲಿ ತೀರಿಕೊಂಡ ಅವರ ಬದುಕನ್ನು ರಹಮತ್ ತರೀಕೆರೆ ಪುಸ್ತಕವಾಗಿ ಕಟ್ಟಿಕೊಟ್ಟಿದ್ದಾರೆ.

ಗೋಹರ್‌ಬಾಯಿ

ಗೋಹರ್‌ಬಾಯಿ ರಂಗಭೂಮಿಯಲ್ಲೇ ಬೆಳೆದರು. ಮರಾಠಿ ರಂಗದ ಮೇರು ನಟ ಬಾಲಗಂಧರ್ವರ ಕಂಪನಿ ಸೇರಿದರು. ಅದುವರೆಗೆ ಬಾಲಗಂಧರ್ವರೇ ಮೆರೆಸಿದ್ದ ಸ್ತ್ರೀಪಾತ್ರಗಳಿಗೆ ಬಣ್ಣ ಹಚ್ಚಿದರು. 1951ರಲ್ಲಿ ಅವರನ್ನೇ ಮದುವೆಯಾದರು.

ಅಮೆರಿಕದಲ್ಲೂ ಇದೇ ಕತೆ

1927ರಲ್ಲಿ ವಿಕ್ಟರ್ ಎಂಬ ಧ್ವನಿಮುದ್ರಣ ಕಂಪನಿಗಾಗಿ ರಾಲ್ಫ್ ಪಿಯರ್ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್‌ರ ಹಾಡುಗಳನ್ನು ಮುದ್ರಿಸಿದರು. ಅಲ್ಲಿಯ ‘ಕಂಟ್ರಿ’ ಸಂಗೀತವೂ 78 ಸುತ್ತಿನ ತಟ್ಟೆಯ ಮೇಲೆಯೇ ಗುಡ್ಡಗಾಡಿನ ಹಳ್ಳಿಗಳನ್ನು ದಾಟಿ ದೇಶಕ್ಕೆ ಕೇಳಿಸಿತು. ಅಲ್ಲಿನ ಇಂದಿನ ಗಾಯಕರು ಆ ಹಳೆಯ ದನಿಗೆ ಮರಳಿ ಹೊಸ ಆಲ್ಬಂ ಮಾಡುತ್ತಾರೆ.

ಮುಂದಿನ ಕೆಲಸ

ಅರಗಿನ ತಟ್ಟೆ ಕೈಜಾರಿದರೆ ಚೂರಾಗುತ್ತದೆ, ಮುಳ್ಳು ಓಡಿದಷ್ಟೂ ಸವೆಯುತ್ತದೆ. ನಮ್ಮ ಸೀಮೆಯ ಮನೆಗಳ ಅಟ್ಟದಲ್ಲಿರುವ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರಬೇಕು, ಜಾತ್ರೆಯ ರಂಗದಲ್ಲಿ ಈಗ ಹಾಡುತ್ತಿರುವವರ ಕಂಠವನ್ನು ಅವರವರ ಹೆಸರಿನಲ್ಲೇ ಮುದ್ರಿಸಬೇಕು. ನಾಳೆಯ ಹಾಡುಗಾರರು ಕಲಿಯಲು ಕೇಳಿಕೆಯೇ ಬೇಕು. ಬರವಣಿಗೆಯೊಂದರಿಂದ ಆ ಗಾಯನ ಕೈಗೆ ಬಾರದು.