ಕಾಲುಪೆಟ್ಟಿಗೆಯಿಂದ ಕ್ಯಾಸಿಯೋವರೆಗೆ

ಹಂಪಿಗೆ ಬಂದವರು ವಿಜಯವಿಠಲ ದೇವಾಲಯದ ಸಂಗೀತ ಕಂಬಗಳನ್ನು ತಪ್ಪದೆ ವಿಚಾರಿಸುತ್ತಾರೆ. ಆ ಕಂಬಗಳ ನಾದ ಶಿಲ್ಪಿ ಉಳಿ ಕೆಳಗಿಟ್ಟ ದಿನವೇ ಸ್ಥಿರವಾಯಿತು. ಕಲ್ಲಿನ ಉದ್ದ, ದಪ್ಪ ಎಷ್ಟೋ ಅಷ್ಟೇ ಅದರ ಶ್ರುತಿ. ಆದರೆ ಹಂಪಿಯ ಸುತ್ತಣ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ನಾಟಕಕ್ಕೆ ಶ್ರುತಿ ಹಿಡಿಯುವ ವಾದ್ಯ ಅಂಥದಲ್ಲ. ಅದನ್ನು ಆಯಾ ಬಯಲಿಗೆ, ಆಯಾ ಗಂಟಲಿಗೆ, ಆಯಾ ಸ್ಪೀಕರಿಗೆ ಹೊಂದಿಸಿಕೊಳ್ಳಬೇಕು. ಮೊದಲು ಅದು ಕಾಲಿನಿಂದ ತುಳಿಯುವ ಹಾರ್ಮೋನಿಯಂ ಆಗಿತ್ತು. ಜನ ಕಾಲುಪೆಟ್ಟಿಗೆ ಎಂದರು. ಈಗ ಅದರ ಜಾಗದಲ್ಲಿ ವಿದ್ಯುತ್ ಕೀಬೋರ್ಡ್ ಬಂದು ಕೂತಿದೆ. ಅದು ಯಾವ ಕಂಪನಿಯದಾದರೂ ಸರಿ, ಜನರ ಬಾಯಲ್ಲಿ ಅದು ಕ್ಯಾಸಿಯೋ.

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲೆಕ್ಸಾಂದ್ರ್ ದೆಬೆನ್ ಎಂಬಾತ 1842ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಪಾದ್ರಿಗಳ ಜೊತೆ ಭಾರತಕ್ಕೆ ಬಂದ ಅದನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯಾಗಿ ಬದಲಿಸಿದರು. ಭಜನೆಗೆ, ಮನೆಯ ಪಾಠಕ್ಕೆ ಈ ಕೈಪೆಟ್ಟಿಗೆ ಸಾಕಾಯಿತು. ನಾಟಕದವರಿಗೆ ಸಾಲಲಿಲ್ಲ. ತಿದಿಯ ಕೆಲಸವನ್ನು ಕಾಲಿಗೆ ಬಿಟ್ಟರೆ ಎರಡೂ ಕೈ ಬಿಡುವಾಗುತ್ತವೆ, ಗಾಳಿಯೂ ಹೆಚ್ಚು ಸಿಗುತ್ತದೆ. ಹೀಗಾಗಿ ಕಂಪನಿ ನಾಟಕಗಳ ರಂಗದ ಮುಂದೆ ಕಾಲುಪೆಟ್ಟಿಗೆಯೇ ಉಳಿಯಿತು.

ಬಳ್ಳಾರಿ ಸೀಮೆಯಲ್ಲಿ ಅದಕ್ಕೆ ಇಮ್ಮಡಿ ಕೆಲಸ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಬಳ್ಳಾರಿ ಮದರಾಸಿನ ಆಡಳಿತದಲ್ಲಿತ್ತು. ಇಲ್ಲಿನ ರಂಗಭೂಮಿ ಕನ್ನಡ, ತೆಲುಗು ಎರಡನ್ನೂ ಆಡಿತು. ವಿಜಯನಗರದ ಪತನವನ್ನೇ ವಸ್ತುವಾಗಿಸಿ ಕೋಲಾಚಲಂ ಶ್ರೀನಿವಾಸರಾಯರು ಬರೆದ ತೆಲುಗು ನಾಟಕದಲ್ಲಿ ಬಳ್ಳಾರಿ ರಾಘವರ (1880–1946) ಪಠಾಣನ ಪಾತ್ರ ಹೆಸರಾಯಿತು. ತೆಲುಗು ಪದ್ಯನಾಟಕವೆಂದರೆ ಪದ್ಯದ ಕೊನೆಗೆ ನಟ ರಾಗ ಎಳೆಯಬೇಕು, ಹಾರ್ಮೋನಿಯಂ ಅದನ್ನು ಬೆನ್ನಟ್ಟಬೇಕು. ಕನ್ನಡದಲ್ಲಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳೂ ಹಾಡು ಬೇಡುವ ನಾಟಕಗಳೇ. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಮನೆಮಾತಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ (ನಿಧನ 2020) ನಟಿಯೂ ಹೌದು, ಗಾಯಕಿಯೂ ಹೌದು.

ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನವನಿಗೂ ಹಾಡು ಮುಟ್ಟಬೇಕಿತ್ತು. ಅದಕ್ಕೆ ಗಂಡಸರೂ ಏರುಶ್ರುತಿ ಹಿಡಿದರು. ಪೆಟ್ಟಿಗೆಯೂ ಅದಕ್ಕೆ ತಕ್ಕಂತೆ ಸಜ್ಜಾಗುತ್ತಿತ್ತು. ಅದರ ಒಳಗೆ ಹಿತ್ತಾಳೆಯ ರೀಡುಗಳ ಎರಡೋ ಮೂರೋ ಸಾಲು ಇರುತ್ತವೆ. ಮುಂದಿನ ಗುಂಡಿ ಎಳೆದರೆ ಒಂದೊಂದು ಸಾಲಿಗೆ ಗಾಳಿ ತೆರೆಯುತ್ತದೆ: ಮಂದ್ರದ ಸಾಲು ದಪ್ಪ ಕೊಟ್ಟರೆ ಮೇಲಿನ ಸಾಲು ಚೂಪು ಕೊಡುತ್ತದೆ. ಒಂದೇ ಸ್ವರದ ಎರಡು ರೀಡುಗಳಲ್ಲಿ ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ ನಾದ ಸೆಕೆಂಡಿಗೆ ಎರಡು ಬಾರಿ ಏರಿಳಿದು ಅಲೆಯಂತೆ ಕೇಳುತ್ತದೆ. ಈ ಅಲೆ ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಬೇಡವಾದರೆ ಪೆಟ್ಟಿಗೆ ಬಿಚ್ಚಿ ರೀಡು ಕೆರೆಯಬೇಕು. ತುದಿಯಲ್ಲಿ ಕೆರೆದರೆ ಭಾರ ಇಳಿದು ಶ್ರುತಿ ಏರುತ್ತದೆ. ಬುಡದಲ್ಲಿ ಕೆರೆದರೆ ಬಿಗಿ ಇಳಿದು ಶ್ರುತಿ ತಗ್ಗುತ್ತದೆ. ಕೆರೆದದ್ದು ಮರಳಿ ಬರುವುದಿಲ್ಲವಾದ್ದರಿಂದ ಇದು ಅವಸರದವರ ಕೆಲಸವಲ್ಲ.

ಇಷ್ಟೆಲ್ಲ ಮಾಡಿದರೂ ಪಂಡಿತರಿಗೆ ಈ ವಾದ್ಯ ಹಿಡಿಸಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ತೂಗುವ ಗಮಕ ಇದರಲ್ಲಿ ಬಾರದು. ಶ್ರುತಿಗಳ ನಡುವಿನ ಸೂಕ್ಷ್ಮ ಇದಕ್ಕೆ ತಿಳಿಯದು ಎಂಬುದು ದೂರು. ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಇದರ ವಿರುದ್ಧ ಬರೆದರು, ರವೀಂದ್ರನಾಥ ಠಾಕೂರರೂ ದನಿಗೂಡಿಸಿದರು. ಲಯೊನೆಲ್ ಫೀಲ್ಡನ್ ಆಡಳಿತದಲ್ಲಿ 1940ರ ಮಾರ್ಚ್ 1ರಿಂದ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ನಿಷೇಧ ಸಡಿಲಗೊಳ್ಳಲು 1971 ಬರಬೇಕಾಯಿತು. ನಾಟಕ ಕಂಪನಿಗಳು ಮಾತ್ರ ಈ ತಕರಾರಿಗೆ ಕಿವಿಗೊಡಲಿಲ್ಲ. ಗದುಗಿನ ಪುಟ್ಟರಾಜ ಗವಾಯಿಗಳಂಥವರು (1914–2010) ಅದೇ ಪೆಟ್ಟಿಗೆಯನ್ನು ನುಡಿಸಿ ಶಿಷ್ಯರನ್ನು ತಯಾರಿಸಿದರು.

ಅತ್ತ ಅಮೆರಿಕದಲ್ಲಿ ಪೆಟ್ಟಿಗೆಗೆ ವಿದ್ಯುತ್ ತಗುಲಿತ್ತು. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಆರ್ಗನ್ನಿನಲ್ಲಿ ರೀಡೂ ಇಲ್ಲ, ತಿದಿಯೂ ಇಲ್ಲ. ಸುರುಳಿ ಸುತ್ತಿದ ಅಯಸ್ಕಾಂತದ ಎದುರು ಹಲ್ಲಿನ ಚಕ್ರಗಳು ತಿರುಗಿ ಸ್ವರ ಹುಟ್ಟಿಸುತ್ತವೆ. ಒಂದು ಸ್ವರದಲ್ಲಿ ಯಾವ ಉಪಸ್ವರ ಎಷ್ಟು ಬೆರೆಯಬೇಕೆಂಬುದನ್ನು ಒಂಬತ್ತು ಎಳೆಪಟ್ಟಿಗಳು ನಿರ್ಧರಿಸುತ್ತವೆ. ಡಾನ್ ಲೆಸ್ಲಿ ಎಂಬವನಿಗೆ ಆ ನಾದ ಮನೆಯಲ್ಲಿ ಚಪ್ಪಟೆಯಾಗಿ ಕೇಳಿತು. ಆತ ಸರಿಪಡಿಸಿದ್ದು ಆರ್ಗನ್ನನ್ನಲ್ಲ, ಸ್ಪೀಕರನ್ನು. ಸ್ಪೀಕರಿನ ಕೊಳವೆ ಮೋಟಾರಿನ ಮೇಲೆ ತಿರುಗುವಂತೆ ಮಾಡಿದ. ಕೊಳವೆ ಕೇಳುಗನತ್ತ ಬಂದಾಗ ಶ್ರುತಿ ತುಸು ಏರುತ್ತದೆ, ದೂರ ಸರಿದಾಗ ಇಳಿಯುತ್ತದೆ. ರೈಲಿನ ಸೀಟಿ ಹತ್ತಿರ ಬಂದು ದೂರ ಹೋದಾಗ ಆಗುವಂತೆಯೇ. ಹ್ಯಾಮಂಡ್‌ಗೆ ಅದು ಸೇರಲಿಲ್ಲ, ಸಂಗೀತಗಾರರಿಗೆ ಸೇರಿತು. ನಾದ ಅರ್ಧ ವಾದ್ಯದ್ದು, ಇನ್ನರ್ಧ ಸ್ಪೀಕರಿನದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಕರ್ನಾಟಕದಲ್ಲೂ ರೀಡಿನ ಬದಲು ವಿದ್ಯುತ್ತು ತರುವ ಯತ್ನ ನಡೆದಿತ್ತು. ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರ ವಿದ್ಯುನ್ಮಾನ ತಂಬೂರಿ 1979ರಲ್ಲಿ ಹೊರಬಂತು. ಮರುವರ್ಷ, 1980ರಲ್ಲಿ, ಜಪಾನಿನ ಕ್ಯಾಸಿಯೋ ಕಂಪನಿ ತನ್ನ ಮೊದಲ ಕೀಬೋರ್ಡನ್ನು ಮಾರಾಟಕ್ಕಿಟ್ಟಿತು. ಹಗುರ, ಅಗ್ಗ, ಒಂದೇ ಪೆಟ್ಟಿಗೆಯಲ್ಲಿ ಹತ್ತಾರು ವಾದ್ಯ. ಬಸ್ಸಿನ ಸೀಟಿನ ಮೇಲಿಟ್ಟುಕೊಂಡು ಊರೂರಿಗೆ ಒಯ್ಯಬಹುದಾದ ಇದರೆದುರು ನಾಲ್ಕು ಕಾಲಿನ ಮರದ ಪೆಟ್ಟಿಗೆ ಹೇಗೆ ನಿಂತೀತು?

ಆದರೆ ಕಾಲುಪೆಟ್ಟಿಗೆಯನ್ನು ಹಿಂದೆ ಸರಿಸಿದ್ದು ಕ್ಯಾಸಿಯೋ ಒಂದೇ ಅಲ್ಲ, ಮೈಕ್‌ಸೆಟ್ ಕೂಡ. ಹಾರ್ಮೋನಿಯಮ್ಮಿನ ಎದುರು ಮೈಕು ಇಟ್ಟರೆ ಮನೆಗಳ ಕಟಕಟ ಸದ್ದೂ ತಿದಿಯ ಉಸಿರೂ ಸೇರಿಯೇ ಬರುತ್ತವೆ. ದನಿ ಏರಿಸಿದರೆ ಸ್ಪೀಕರು ಕೂಗುತ್ತದೆ. ಕ್ಯಾಸಿಯೋದ ವೈರನ್ನು ನೇರ ಆಂಪ್ಲಿಫೈಯರಿಗೆ ಚುಚ್ಚಿದರೆ ಆ ತಂಟೆಯೇ ಇಲ್ಲ. ಇನ್ನೊಂದು ತಂಟೆ ಮಾತ್ರ ಉಂಟು. ಕಂಬಕ್ಕೆ ಕಟ್ಟುವ ತಗಡಿನ ಹಾರನ್ನು ಮಾತನ್ನು ದೂರ ಒಯ್ಯಲೆಂದೇ ಮಾಡಿದ್ದು. ಮಂದ್ರವನ್ನು ಅದು ನುಂಗಿಬಿಡುತ್ತದೆ. ಅದರಲ್ಲಿ ಕೇಳಬೇಕಾದರೆ ನಾದ ಚೂಪಾಗಿರಬೇಕು. ಅದೇ ನಾದ ದೊಡ್ಡ ಪೆಟ್ಟಿಗೆ ಸ್ಪೀಕರಿನಲ್ಲಿ ಕಿವಿಗೆ ಇರಿಯುತ್ತದೆ. ಆಗ ಮಂದ್ರ ಏರಿಸಿದರೆ ಹಾಡಿನ ಮಾತೇ ಮುಳುಗುತ್ತದೆ. ಒಳ್ಳೆಯ ಮಾಸ್ತರ ಇದನ್ನು ಬಲ್ಲ. ಕೀಬೋರ್ಡಿನಲ್ಲಿ ಹಾರ್ಮೋನಿಯಂ ಎಂದು ಬರೆದ ಧ್ವನಿಯನ್ನೇ ಹಿಡಿದು ಕೂರದೆ ಬೇರೆ ಧ್ವನಿ ಬೆರೆಸಿ, ಪ್ರತಿಧ್ವನಿ ತಗ್ಗಿಸಿ, ನಟನ ದನಿಗೆ ದಾರಿ ಬಿಡುತ್ತಾನೆ.

ಕ್ಯಾಸಿಯೋ ಬಂದು ನಾಟಕ ಕೆಟ್ಟಿತು ಎಂಬ ಮಾತು ಅರ್ಧ ಸತ್ಯ. 1940ರಲ್ಲಿ ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ ಆರೋಪವನ್ನೇ ಈಗ ಹಾರ್ಮೋನಿಯಂ ಪ್ರಿಯರು ಕೀಬೋರ್ಡಿನ ಮೇಲೆ ಹೊರಿಸುತ್ತಿರುವುದು ತಮಾಷೆಯೇ ಸರಿ. ಹಾರ್ಮೋನಿಯಮ್ಮಿಗೆ ಎಂದೂ ಒಲಿಯದ ಮೀಂಡು ಕೀಬೋರ್ಡಿನ ಪಕ್ಕದ ಚಕ್ರ ತಿರುಗಿಸಿದರೆ ಬರುತ್ತದೆ. ಗುಂಡಿ ಒತ್ತಿದರೆ ಶ್ರುತಿಯೇ ಬದಲಾಗುತ್ತದೆ. ಹೊರ ಊರಿನಿಂದ ಅಂದೇ ಬಂದಿಳಿದ ನಟಿಗೆ ಬಿಳಿ ನಾಲ್ಕು ಬೇಕೋ ಕಪ್ಪು ಮೂರು ಬೇಕೋ, ಮಾಸ್ತರ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ.

ಕಳೆದದ್ದು ಬೇರೆ. ಸ್ಥಾಯಿಯನ್ನು 12 ಸಮಪಾಲು ಮಾಡಿದ ಕೀಬೋರ್ಡಿನ ಶುದ್ಧ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಮೇಲಿದೆ. ರೀಡು ಕೆರೆಯುವವನು ಗಾಯಕನನ್ನು ಎದುರು ಕೂರಿಸಿಕೊಂಡು ಆ ವ್ಯತ್ಯಾಸ ತೆಗೆಯಬಲ್ಲವನಾಗಿದ್ದ. ಕೆಲವು ಕೀಬೋರ್ಡುಗಳಲ್ಲಿ ಒಂದೊಂದು ಸ್ವರವನ್ನೂ ಬೇರೆಯಾಗಿ ಇಳಿಸುವ ಸೌಲಭ್ಯವಿದ್ದರೂ ಅದನ್ನು ಬಳಸಲು ಮೊದಲು ಆ ಗಾಂಧಾರ ಕೇಳಿಸುವ ಕಿವಿ ಬೇಕು. ತುಳಿತದ ಒತ್ತಡದಲ್ಲೇ ದನಿ ಉಬ್ಬಿ ಇಳಿಯುತ್ತಿದ್ದ ಕಾಲುಪೆಟ್ಟಿಗೆಯ ಗುಣವೂ ಹೋಯಿತು. ದ್ರೌಪದಿ ಬಿಕ್ಕಿದಾಗ ಪೆಟ್ಟಿಗೆಯ ಉಸಿರೂ ಸಣ್ಣದಾಗುತ್ತಿತ್ತು. ಕೀಬೋರ್ಡಿಗೂ ಅಂಥದೊಂದು ಪೆಡಲನ್ನು ಜೋಡಿಸಬಹುದು. ಹಳ್ಳಿಯ ರಂಗದ ಮುಂದೆ ಅದನ್ನು ತುಳಿಯುವವರು ಅಪರೂಪ.