ವಿದ್ವತ್ಪತ್ರಿಕೆಗಳೂ ಜ್ಞಾನಮಂದಿರದ ಎರಡು ಬಾಗಿಲುಗಳೂ

ವಿದ್ಯಾಧನವು ಕೊಟ್ಟಷ್ಟೂ ಹೆಚ್ಚುವುದೆಂಬುದು ಪೂರ್ವಿಕರ ಮತವು. ಆದರೆ ಅದನ್ನು ಹಂಚುವ ವೆಚ್ಚವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆಯು ವಿದ್ವತ್ಪತ್ರಿಕೆಗಳ ಚರಿತ್ರೆಯುದ್ದಕ್ಕೂ ಕಂಡುಬರುವುದು.

1665ನೆಯ ಇಸವಿಯ ಜನವರಿಯಲ್ಲಿ ಪ್ಯಾರಿಸಿನಿಂದ ‘ಜೂರ್ನಾಲ್ ದೆ ಸಾವಾಂ’ ಎಂಬ ಪತ್ರಿಕೆಯೂ, ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ಹೆನ್ರಿ ಓಲ್ಡನ್‌ಬರ್ಗನ ಸಂಪಾದಕತ್ವದಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬುದೂ ಹೊರಟುವು. ಅಲ್ಲಿಯವರೆಗೆ ಪತ್ರವ್ಯವಹಾರದಿಂದ ಕೆಲವರಿಗೆ ಮಾತ್ರ ತಿಳಿಯುತ್ತಿದ್ದ ಶೋಧನೆಗಳು ಮುದ್ರಣದ ಮೂಲಕ ಅನೇಕರಿಗೆ ಲಭ್ಯವಾದುವು. ಆದರೂ ಕ್ರಯವನ್ನು ತೆರಲಾರದವನಿಗೆ ಬಾಗಿಲು ಮುಚ್ಚಿಯೇ ಇದ್ದಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚಂದಾದರವು ಅತಿಯಾಗಿ ಏರಲು, ಸಂಪನ್ನವಾದ ಗ್ರಂಥಭಂಡಾರಗಳೂ ಕೆಲವು ಪತ್ರಿಕೆಗಳನ್ನು ಬಿಡಬೇಕಾಯಿತು.

1991ನೆಯ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಆಲಮಾಸಿನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತಶಾಸ್ತ್ರಜ್ಞನು ಅಚ್ಚಾಗುವ ಮೊದಲೇ ಲೇಖನಗಳನ್ನು ವಿದ್ಯುನ್ಮಾರ್ಗದಿಂದ ಹಂಚುವ ಭಂಡಾರವೊಂದನ್ನು ಸ್ಥಾಪಿಸಿದನು. ಹಿಂದೆ ಅಂಚೆಯಲ್ಲಿ ಪ್ರಸಿದ್ಧ ಸಂಸ್ಥೆಗಳಿಗೆ ಮಾತ್ರ ಹೋಗುತ್ತಿದ್ದ ಹಸ್ತಪ್ರತಿಗಳು ಗಣಕಸಂಪರ್ಕವಿದ್ದ ದೂರದ ವಿದ್ಯಾರ್ಥಿಗೂ ಅದೇ ಕಾಲಕ್ಕೆ ದೊರೆತುವು. 2002ನೆಯ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆಯು ಹೊರಟು, ಪ್ರೌಢಲೇಖನಗಳನ್ನು ಓದಲೂ ಪ್ರತಿಮಾಡಲೂ ಹಂಚಲೂ ಹಣದ ಅಡ್ಡಿಯಿರಕೂಡದೆಂದು ಸಾರಿತು.

ಹೀಗೆ ವಾಚಕನ ಬಾಗಿಲು ತೆರೆಯಿತು. ಆದರೆ ವೆಚ್ಚವು ಮಾಯವಾಗಲಿಲ್ಲ, ಲೇಖಕನ ಬಾಗಿಲಿಗೆ ಬಂದು ನಿಂತಿತು. 2003ರಲ್ಲಿ ಆರಂಭವಾದ ‘ಪ್ಲಾಸ್ ಬಯಾಲಜಿ’ ಪತ್ರಿಕೆಯು ಲೇಖನವೊಂದಕ್ಕೆ 1,500 ಡಾಲರುಗಳನ್ನು ಗೊತ್ತುಮಾಡಿತು. 2021ರಲ್ಲಿ ‘ನೇಚರ್’ ಪತ್ರಿಕೆಯು ಮುಕ್ತಪ್ರಕಟನೆಗೆ ವಿಧಿಸಿದ ಶುಲ್ಕವು 9,500 ಯೂರೋಗಳು. ಬಡದೇಶಗಳ ಲೇಖಕರಿಗೆ ವಿನಾಯಿತಿಯನ್ನು ಕೊಡುವುದುಂಟು; ಆದರೆ ವಿನಾಯಿತಿಯು ಅನುಗ್ರಹವೇ ಹೊರತು ಹಕ್ಕಲ್ಲ. ಓದಲು ಸ್ವತಂತ್ರನಾಗಿ ಬರೆಯಲು ಅಸಮರ್ಥನಾದವನು ಜ್ಞಾನಸಭೆಯಲ್ಲಿ ಶ್ರೋತೃವಾಗಿಯೇ ಉಳಿಯುವನು.

2024ನೆಯ ನವೆಂಬರಿನಲ್ಲಿ ಭಾರತ ಸರ್ಕಾರವು ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ ಮೂರು ವರ್ಷಗಳ ಮಟ್ಟಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರುಮಾಡಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ನಿಶ್ಚಯಿಸಿತು. ಇದು ಮಹೋಪಕಾರವೇ ಸರಿ; ಆದರೆ ಮುಖ್ಯವಾಗಿ ವಾಚಕನ ಬಾಗಿಲಿಗೆ ತೆತ್ತ ಬೆಲೆಯು. 1934ರಲ್ಲಿ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯಾದರೋ ತನ್ನ ಪತ್ರಿಕೆಗಳನ್ನು ಅಂತರ್ಜಾಲಕ್ಕೆ ತಂದಾಗ, ಲೇಖಕರಿಂದ ಶುಲ್ಕವನ್ನು ಬೇಡದೆ, ಎಲ್ಲರಿಗೂ ಉಚಿತವಾಗಿ ಓದಗೊಟ್ಟಿತು. ಸಾರ್ವಜನಿಕ ಧನದ ಆಶ್ರಯವಿದ್ದಲ್ಲಿ ಎರಡು ಬಾಗಿಲುಗಳನ್ನೂ ತೆರೆದಿಡುವುದು ಅಸಾಧ್ಯವಲ್ಲವೆಂಬುದಕ್ಕೆ ಇದೇ ನಿದರ್ಶನವು.